ಜಪಮಾಲೆಯಲ್ಲಿ ಎಣಿಸಿದ ಗಾಡಿಗಳು

ಗುರುವಾರ, ತಾರೀಖು ಹದಿನಾಲ್ಕು.

ಇಂದು ಉಪವಾಸ. ಅಂಗಳ ಗುಡಿಸಿ, ನೀರು ತುಂಬಿಸಿ, ದೀಪ ಹಚ್ಚಿ, ಎಂಟಕ್ಕೆಲ್ಲ ನಮ್ಮ ರಸ್ತೆಯ ಶಾಲೆಯ ತಿರುವಿನಲ್ಲಿ ಹೋಗಿ ಕುಳಿತೆ. ದೊಡ್ಡ ಮಳಿಗೆ ಕಟ್ಟಲೆಂದು ನನ್ನ ತಮ್ಮ ನಮ್ಮ ಮನೆಯ ಪಕ್ಕದ ತನ್ನ ಜಾಗವನ್ನು ವಾಸದ ವಲಯದಿಂದ ವಾಣಿಜ್ಯಕ್ಕೆ ಬದಲಿಸಲು ಅರ್ಜಿ ಹಾಕಿದ್ದಾನೆ. ನೆರೆಯವಳೆಂದು ಯೋಜನಾ ಕಚೇರಿ ನನ್ನ ಅಭಿಪ್ರಾಯ ಕೇಳಿದೆ. ನಾಳೆಯೇ ಕಡೆಯ ದಿನ; ಬೆಳಗ್ಗೆ ಕಚೇರಿಯ ಜವಾನ ಬಂದು ಉತ್ತರ ಒಯ್ಯುತ್ತಾನೆ.

ಗಂಟೆಗೆ ಐನೂರಕ್ಕಿಂತ ಹೆಚ್ಚು ಗಾಡಿ ಓಡಾಡುವ ಕಿರಿದಾದ ರಸ್ತೆಯಲ್ಲಿ ದೊಡ್ಡ ಮಳಿಗೆ ಕೂಡದು ಎನ್ನುತ್ತದೆ ನಿಯಮ. ಕಚೇರಿ ನನಗೆ ಕಳಿಸಿದ, ತಮ್ಮನ ಎಂಜಿನಿಯರನ ವರದಿಯಲ್ಲಿ ಇರುವುದು ಇನ್ನೂರೇ. ಗಾಡಿಗೊಂದು ಮಣಿಯಂತೆ ನಾನು ಜಪಮಾಲೆ ಸರಿಸಿದೆ. ಒಂದು ಗಂಟೆಯಲ್ಲಿ ಐದು ಸುತ್ತು ಮುಗಿದು ಮೇಲೆ ಹನ್ನೆರಡು ಮಣಿ, ಐನೂರ ಐವತ್ತೆರಡು. ಮನೆಗೆ ಬಂದು ವರದಿಯಲ್ಲಿ ಗಾಡಿ ಎಣಿಸಿದ ತಾರೀಖು ನೋಡಿದರೆ ಭಾನುವಾರ! ಅಂದು ಶಾಲೆಗೆ ಬೀಗ.

ಸಂಜೆ ತಮ್ಮ ಬಂದ. "ಅಕ್ಕಾ, ದೇವರ ಮಾಲೇಲಿ ಲಾರಿ ಎಣಿಸಿದ್ಯಂತೆ, ಪಾಪ ಬರಲ್ವಾ?"

"ಭಾನುವಾರ ಎಣಿಸಿದೋರಿಗೆ ಬರೋದಕ್ಕಿಂತ ಕಮ್ಮೀನೇ ಬಿಡು."

ಅವನು ನಗಲಿಲ್ಲ. "ಬೇಡ ಅಂತ ಬರೆದ್ಯೋ, ನಿನ್ನ ಹೊಸ್ತಿಲು ತುಳಿಯಲ್ಲ ನಾನು."

ನಾನೇ ಕಂಕುಳಲ್ಲಿ ಹೊತ್ತು ಬೆಳೆಸಿದವನು. ಆದರೆ ಬೆಳಗ್ಗೆ ಒಂದು ಪುಟ್ಟ ಹುಡುಗಿ ರಸ್ತೆಗೆ ಕಾಲಿಡುವುದು, ಹಿಂದೆಗೆಯುವುದು, ಮತ್ತೆ ಇಡುವುದು. ಅವಳು ದಾಟುವಷ್ಟರಲ್ಲಿ ನನ್ನ ಬೆರಳಲ್ಲಿ ನಲವತ್ತು ಮಣಿ ಸರಿದಿದ್ದವು. ಅದು ಕಣ್ಣಿನಿಂದ ಹೋಗುತ್ತಿಲ್ಲ.

'ಒಪ್ಪಿಗೆಯಿಲ್ಲ' ಎಂದು ಬರೆದು ಲಕೋಟೆ ಅಂಟಿಸಿ ದೀಪದ ಬಳಿ ಇಟ್ಟಿದ್ದೇನೆ. ಬೆಳಗ್ಗೆ ಅವನು ಮತ್ತೆ ಬಂದು ಅಕ್ಕಾ ಎಂದರೆ ಹರಿದುಬಿಡುತ್ತೇನೋ ಏನೋ. ದೇವರೇ, ಅವನಿಗಿಂತ ಮೊದಲು ಕಚೇರಿಯ ಜವಾನನನ್ನು ಕಳಿಸು, ಇದನ್ನು ಒಯ್ಯಲಿ.