ನಿನ್ನ ಬಸ್ಸು ಎಲ್ಲಿದೆ?

ಮುದ್ದಿನ ಇಂಚರಾ,

ನೀನು ಪಕ್ಕದ ಕೋಣೆಯಲ್ಲೇ ಇದ್ದೀಯ. ಎದುರಿಗೆ ಕೂತು ಹೇಳಹೊರಟರೆ ಮತ್ತೆ ಜಗಳವಾದೀತು ಎಂದು ಬರೆಯುತ್ತಿದ್ದೇನೆ. ಬರೆಯಲೂ ಆಗದೆ ಎದ್ದೆದ್ದು ಬಾಲ್ಕನಿಗೆ ಹೋಗಿಬರುತ್ತಿದ್ದೇನೆ.

ಜುಲೈನ ಆ ಮಳೆ ನಿನಗೆ ನೆನಪಿರುತ್ತದೆ. ಶಾಲೆ ಬಿಟ್ಟು ಎಷ್ಟೋ ಹೊತ್ತಾದರೂ ನಿನ್ನ ಬಸ್ಸು ಬಾಲಿಗಂಜ್‌ನ ನಮ್ಮ ಸ್ಟಾಪಿಗೆ ಬರಲಿಲ್ಲ. ಡ್ರೈವರ್ ಫೋನು ಎತ್ತಲಿಲ್ಲ, ಬಸ್ಸು ತೋರಿಸಬೇಕಾದ ಆ್ಯಪ್ ಖಾಲಿ. ತಡೆಯಲಾರದೆ, ಆ್ಯಪ್‌ಗೆ ಸರ್ವರ್ ಕಳಿಸುತ್ತಿದ್ದ ಉತ್ತರವನ್ನೇ ಪೈಥಾನ್‌ನಲ್ಲಿ ಪುಟ್ಟ ಪ್ರೋಗ್ರಾಂ ಬರೆದು ತರಿಸಿಕೊಂಡೆ. ಅದು ಜೇಸನ್ ಸ್ಟ್ರಿಂಗ್, ಬರೀ ಅಕ್ಷರಗಳ ಉದ್ದನೆಯ ಸಾಲು. ಬಿಡಿಸಿ ಡಿಕ್ಷನರಿ, ಅಂದರೆ ಹೆಸರಿಗೊಂದು ಮಾಹಿತಿ ಇರುವ ಪಟ್ಟಿ, ಮಾಡಿಕೊಂಡರೆ, ‘ಸ್ಥಳ’ ಎಂದು ಹೆಸರು ಹಿಡಿದು ಕೇಳಿದಾಗ ಸ್ಥಳ ಕೊಡುತ್ತದೆ. ಆಫೀಸಿನಲ್ಲಿ ನಾನು ದಿನಾ ಮಾಡುವ ಕೆಲಸವೇ. ಅವತ್ತು ಕೇಳಿದರೆ ಎರರ್. ಬಿಡಿಸಿದ ಮೇಲೂ ಅದು ಸ್ಟ್ರಿಂಗ್ ಆಗಿಯೇ ಉಳಿದಿದೆ, ಯಾರೋ ಎರಡು ಸಲ ಸುತ್ತಿ ಕಳಿಸಿದ್ದಾರೆ ಎಂದು ಹೊಳೆಯಲು ಹೊತ್ತು ಹಿಡಿಯಿತು. ಇನ್ನೊಮ್ಮೆ ಬಿಡಿಸಿದೆ. ಡಿಕ್ಷನರಿ ಬಂತು. ಬಸ್ಸು ಪಾರ್ಕ್ ಸರ್ಕಸ್ ಹತ್ತಿರ ನಿಂತಿತ್ತು!

ಮೊಣಕಾಲುದ್ದ ನೀರಿನಲ್ಲಿ ಅಲ್ಲಿಗೆ ನಡೆದು ಬಂದೆ. ನೀನು ಗೆಳತಿ ತಿಯಾಸಾ ಜೊತೆ ಬಸ್ಸಿನಲ್ಲಿ ಝಾಲ್‌ಮುರಿ, ಅದೇ ಆ ಖಾರ ಮಂಡಕ್ಕಿ, ತಿನ್ನುತ್ತಾ ನಗುತ್ತಿದ್ದೆ. ನಾನು ಅಳುತ್ತಾ ಒಳಗೆ ನುಗ್ಗಿದೆ. “ಅಮ್ಮಾ, ಎಲ್ಲರ ಮುಂದೆ ಯಾಕ್ ಅಳ್ತೀಯ? ಐ ವಾಸ್ ಫೈನ್!” ಅಂದೆ ನೀನು.

ಆಮೇಲೆ ಆ್ಯಪ್ ಸರಿಹೋಯಿತು. ನಾನು ಸರಿಹೋಗಲಿಲ್ಲ. ಮೀಟಿಂಗ್‌ಗಳ ನಡುವೆಯೂ ಆ ಪ್ರೋಗ್ರಾಂ ಓಡಿಸುತ್ತಿದ್ದೆ. ಬಸ್ಸು ಅಲ್ಲಿ ಯಾಕೆ ನಿಂತಿತು, ಇಲ್ಲಿ ಯಾಕೆ ತಡವಾಯಿತು ಎಂದು ಸಂಜೆ ನಿನ್ನನ್ನು ಕೆದಕುತ್ತಿದ್ದೆ. “ಎಲ್ಲಾ ನಿಂಗೇ ಗೊತ್ತಲ್ಲ, ನಾನೇನ್ ಹೇಳ್ಲಿ?” ಎಂದು ಒಂದು ದಿನ ನೀನು ಬಾಗಿಲು ಹಾಕಿಕೊಂಡೆ. ಆಮೇಲೆ ಶಾಲೆಯ ಸುದ್ದಿಯೇ ನಿಂತುಹೋಯಿತು.

ನಿನ್ನೆ ನೀನು ತಿಯಾಸಾ ಜೊತೆ ಸಿಯಾಲ್ದಾ ಸ್ಟೇಷನ್ನಿನಿಂದ ಲೋಕಲ್ ಟ್ರೈನಿನಲ್ಲಿ ಬರುತ್ತೇನೆ ಎಂದೆ. “ಬಿಡು ಚಿನ್ಮಯಿ, ಹದಿನಾಲ್ಕಾಯ್ತು ಅವಳಿಗೆ” ಅಂದರು ಅಪ್ಪ. ನೀನು ಬಸ್ಸಿನಲ್ಲಿಲ್ಲ, ನೋಡಲು ಪರದೆಯ ಮೇಲೆ ಏನೂ ಇರಲಿಲ್ಲ. ಚಪ್ಪಲಿ ಮೆಟ್ಟಿ ಸ್ಟೇಷನ್ನಿಗೆ ಹೊರಟವಳು ಗೇಟಿನಿಂದ ವಾಪಸು ಬಂದೆ. ಮತ್ತೆ ಹೊರಟೆ, ಮತ್ತೆ ಬಂದೆ. ಒಲೆಯ ಮೇಲಿನ ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ.

ನೀನು ಬಂದೆ. ಶೂ ಬಿಚ್ಚುವ ಮೊದಲೇ ಮಾತು ಶುರು ಮಾಡಿದೆ: ಜಾಗ ಬಿಟ್ಟುಕೊಟ್ಟ ಚಿಕ್ಕಮ್ಮನಂಥ ಮಾಶಿ, ಉಪ್ಪು ಸವರಿ ಸೀಬೆಹಣ್ಣು ಮಾರುವವಳು, ಇಳಿಯುವಾಗ ಕಿತ್ತುಹೋದ ಬ್ಯಾಗಿನ ಪಟ್ಟಿ. ನೀನಾಗಿಯೇ ಅಷ್ಟು ಮಾತಾಡಿ ಎಷ್ಟು ತಿಂಗಳಾಗಿತ್ತು! ನಾನು ಒಂದೂ ಪ್ರಶ್ನೆ ಕೇಳಲಿಲ್ಲ. ಗಮನಿಸಿದೆಯಾ?

ಇವತ್ತು ಆ ಪ್ರೋಗ್ರಾಂ ಅಳಿಸಿಹಾಕಿದೆ. ಧೈರ್ಯ ಬಂದಿದೆ ಎಂದಲ್ಲ. ಶಾಲೆ ಬಿಡುವ ಹೊತ್ತಿಗೆ ನಾಳೆಯೂ ಎದೆ ಹೊಡೆದುಕೊಳ್ಳುತ್ತದೆ. ಹೊಡೆದುಕೊಳ್ಳಲಿ. ಬಸ್ಸಿನಲ್ಲಾದರೂ ಬಾ, ಟ್ರೈನಿನಲ್ಲಾದರೂ ಬಾ. ಬಂದು ನೀನೇ ಹೇಳು.

ಹೋದಲ್ಲೆಲ್ಲ ನಿನಗೆ ಒಳ್ಳೆಯ ಜನ ಸಿಗಲಿ, ಮಗಳೇ.

ನಿನ್ನ ಪುಕ್ಕಲು ಅಮ್ಮ,
ಚಿನ್ಮಯಿ