ಮಸೂದನ ಕಾಲರ್

೧೨ ಸೆಪ್ಟೆಂಬರ್ ೨೦೧೪, ಶುಕ್ರವಾರ

ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಮುಗಿಸಿ ಸೀದಾ ಊದ್ ಮೇಥಾದ ಇಗರ್ಜಿಗೆ. ಪೂಜೆ, ಆಮೇಲೆ ಬೈಬಲ್ ಕ್ಲಾಸ್. ಕಣ್ಣು ಎಳೆಯುತ್ತಿತ್ತು. ಗೇಬ್ರಿಯಲ್ ಸರ್ — ಪಾದ್ರಿಯಾಗಲು ಓದುತ್ತಿದ್ದ ಸೆಮಿನರಿ ಬಿಟ್ಟು ಬ್ಯಾಂಕ್ ಸೇರಿದವರು — ಇವತ್ತು ಒಂದು ಹೀಬ್ರೂ ಶಬ್ದ ಹಿಡಿದುಕೊಂಡು ಕೂತರು. ನಾಕೀ. ನಮ್ಮ ಬೈಬಲಿನಲ್ಲಿ ನಿರಪರಾಧಿ ಅಂತ ಇದೆ.

“ಏನೂ ಮಾಡದವನು ಅಂತ ಮಾತ್ರ ಅಲ್ಲ,” ಎಂದರು. “ಆಣೆಯಿಂದ, ಹೊಣೆಯಿಂದ ಬಿಡುಗಡೆಯಾದವನೂ ನಾಕೀ. ಇನ್ನು ಯಾರೂ ಅವನ ಕಾಲರ್ ಹಿಡಿಯುವ ಹಾಗಿಲ್ಲ.”

ನಿದ್ದೆ ಹಾರಿಹೋಯಿತು. ಹಾಗಾದರೆ ಮಸೂದ ನಾಕೀ ಅಲ್ಲ! ಅವನ ಕಾಲರ್ ಇನ್ನೂ ನನ್ನ ಕೈಯಲ್ಲಿದೆ.

ಇಲ್ಲೇ ದೇರಾದಲ್ಲಿ ಅವನ ಮೊಬೈಲ್ ಅಂಗಡಿಯಲ್ಲೇ ನನ್ನ ತಮ್ಮ ಪ್ರಿಯನ್ ಕೆಲಸಕ್ಕಿದ್ದದ್ದು. ಫೋನ್‌ಗಳು ಮಾಯವಾದವು. ತಪ್ಪನ್ನು ಪ್ರಿಯನ್ ತಲೆಗೆ ಕಟ್ಟಿ, ವೀಸಾ ಕ್ಯಾನ್ಸಲ್ ಮಾಡಿಸಿ, ಊರಿಗೆ ಅಟ್ಟಿದ. ಅಮ್ಮ ಕಳ್ಳನ ತಾಯಿ ಅನ್ನಿಸಿಕೊಂಡೇ ಸತ್ತಳು. ತಮ್ಮ ಈಗ ಇಗರ್ಜಿಗೂ ಹೋಗುವುದಿಲ್ಲ. ಹಾಳಾಗಿ ಹೋಗಲಿ ಆ ಮಸೂದ.

೧೫, ಸೋಮವಾರ

ಬಾಗಿಲು ತೆರೆದರೆ ಅವನೇ! ಪಕ್ಕದಲ್ಲಿ ಹೆಂಡತಿ ನಸೀಮ. ಹಜ್ಜಿಗೆ ಹೊರಟಿದ್ದಾನಂತೆ. ಹಜ್ಜಿಗೆ ಹೋಗುವವರು ಹೊರಡುವ ಮೊದಲು, ಯಾರಿಗೆ ಅನ್ಯಾಯ ಮಾಡಿದ್ದಾರೋ ಅವರ ಮನೆಗೆ ಹೋಗಿ ಮಾಫ್ ಕೇಳಿಕೊಳ್ಳುತ್ತಾರೆ. ಊರಲ್ಲಿ ಪಕ್ಕದ ಮನೆಯ ಅಲಿಯಬ್ಬನವರೂ ಹಾಗೆ ಬಂದಿದ್ದರು.

“ಸಿಸ್ಟರ್, ಪ್ರಿಯನ್ ಕದ್ದದ್ದಲ್ಲ. ನನ್ನ ತಂಗಿ ಗಂಡ ಜಲೀಲ್. ನಂಗೆ ಆಗ್ಲೇ ಗೊತ್ತಿತ್ತು... ತಂಗಿಯ ಸಂಸಾರ ಹಾಳಾಗ್ತದೆ ಅಂತ ಬಾಯಿ ಬಿಡ್ಲಿಲ್ಲ. ನೀವು ಮಾಫ್ ಮಾಡದಿದ್ರೆ ಎಂತ ಮುಖ ಇಟ್ಕೊಂಡು ಹೋಗ್ಲಿ ನಾನು?”

“ನಮ್ಮ ಅಮ್ಮನ ಸಮಾಧಿ ಹತ್ರ ಹೋಗಿ ಕೇಳಿ,” ಎಂದೆ. ಬಾಗಿಲು ಹಾಕಿದೆ. ಅಬ್ಬಾ, ಹೊಟ್ಟೆ ತಣ್ಣಗಾಯಿತು! ಚಾ ಮಾಡಿ, ಸಕ್ಕರೆ ಜಾಸ್ತಿ ಹಾಕಿಕೊಂಡು ಕುಡಿದೆ.

೧೭, ಬುಧವಾರ

ಊರಿಂದ ಪ್ರಿಯನ್ ಫೋನ್. “ಎಂತ ವಿಶೇಷ ಅಕ್ಕಾ?”

“ಎಂತ ಇಲ್ಲ ಮಾರಾಯ.”

ಹೇಳಲಿಲ್ಲ. ಹೇಳಿದರೆ ಆ ಪೆದ್ದ ಒಂದೇ ಉಸಿರಿಗೆ ಮಾಫ್ ಮಾಡಿಬಿಡುತ್ತಾನೆ. ಮಸೂದ ಒದ್ದಾಡುವುದನ್ನು ನಾನು ಇನ್ನೂ ಸ್ವಲ್ಪ ನೋಡಬೇಕು.

೧೮

ನಸೀಮಳ ಫೋನ್. ಅಳು. “ಪ್ರಿಯನ್ ನಂಬರ್ ಆದ್ರೂ ಕೊಡಿ ಸಿಸ್ಟರ್. ಇವರಿಗೆ ಊಟ ಸೇರುದಿಲ್ಲ.”

ಅವನ ನಂಬರ್ ಬದಲಾಗಿದೆ, ನನಗೆ ಗೊತ್ತಿಲ್ಲ ಎಂದೆ. ಊಟ ಸೇರದಿದ್ದರೆ ಉಪವಾಸ ಬೀಳಲಿ.

೨೧, ಭಾನುವಾರ. ಮಧ್ಯಾಹ್ನ

ಡ್ಯೂಟಿ ಮಧ್ಯೆ ಪ್ರಿಯನ್ ಫೋನ್. ದನಿಯೇ ಬೇರೆ. ಮಸೂದ ಊರಿಗೇ ಹೋಗಿದ್ದಾನೆ! ಹಳೇ ಅಡ್ರೆಸ್ ಹಿಡಿದು ಮನೆ ಹುಡುಕಿ, ತಮ್ಮನನ್ನು ಕೈಹಿಡಿದು ಇಗರ್ಜಿಗೆ ಕರೆದುಕೊಂಡು ಹೋದನಂತೆ. ಪೂಜೆ ಬಿಟ್ಟ ಮೇಲೆ ಅಂಗಳದಲ್ಲಿ, ಎಲ್ಲರ ಎದುರು, ಜಲೀಲನ ಹೆಸರನ್ನೂ ಮುಚ್ಚಿಡದೆ ಹೇಳಿದನಂತೆ. ಆಮೇಲೆ ಅಮ್ಮನ ಸಮಾಧಿ ಹತ್ತಿರ ತುಂಬ ಹೊತ್ತು ನಿಂತಿದ್ದನಂತೆ.

“ನಾನು ಮಾಫ್ ಮಾಡಿದೆ ಅಕ್ಕಾ. ಜನ ಬಂದು ಬಂದು ಕೈ ಕುಲುಕಿದ್ರು...”

ಅಳು ಬಂತು. ಸಂತೋಷಕ್ಕೋ, ಮಸೂದ ತಪ್ಪಿಸಿಕೊಂಡ ಹೊಟ್ಟೆಕಿಚ್ಚಿಗೋ, ನನಗೇ ಗೊತ್ತಿಲ್ಲ.

ಆಮೇಲೆ ಕೇಳಿದ. “ಮಸೂದಾಕ ಮೊದ್ಲು ನಿನ್ನ ಹತ್ರ ಬಂದಿದ್ರಂತೆ. ಬುಧವಾರ ನಾನು ಕೇಳಿದ್ರೆ ಎಂತ ಇಲ್ಲ ಅಂದೆಯಲ್ಲ? ನನ್ನ ನಂಬರೂ ಗೊತ್ತಿಲ್ಲ ಅಂದೆಯಂತೆ... ಯಾಕೆ ಅಕ್ಕಾ? ನಾನು ಮನೆ ಒಳಗೇ ಕೊಳೀತಾ ಇದ್ದದ್ದು ನಿಂಗೆ ಗೊತ್ತಿತ್ತಲ್ಲ?”

ಪೇಷಂಟ್ ಕರೆಯುತ್ತಿದ್ದಾರೆ ಎಂದು ಫೋನ್ ಇಟ್ಟೆ. ಯಾರೂ ಕರೆದಿರಲಿಲ್ಲ.

ಮತ್ತೆ ರಿಂಗಾಗುತ್ತಿದೆ. ಮಸೂದ ನಾಕೀ ಆಗಿಬಿಟ್ಟ. ಪ್ರಿಯನ್, ಮಾರಾಯ, ನೀನು ನನ್ನನ್ನು ಮಾಫ್ —