ನಿನ್ನೆ ಬಂದವಳು

ಜೊಯಿಡಾ
೧೮ ನವೆಂಬರ್ ೨೦೨೪

ಮಗಳು ಶಬನಮಳಿಗೆ,

ನಿನ್ನ ಕೈಗೆ ಏನಾಗಿದೆ? ಪಂಚಮಿಗೆ ಬರೆದ ಕಾಗದಕ್ಕೆ ಇನ್ನೂ ಉತ್ತರವಿಲ್ಲ. ಮುಂಡಗೋಡದಲ್ಲಿ ಪೆನ್ನು ಸಿಗುವುದಿಲ್ಲವೋ, ಇಲ್ಲಾ ಗಂಡನ ಗ್ಯಾರೇಜಿನ ಗ್ರೀಸು ನಿನ್ನ ಬೆರಳಿಗೂ ಹತ್ತಿದೆಯೋ? ಮೂರನೇ ಇಯತ್ತೆ ಕಲಿತ ನಾನು ಹಾಳೆ ತುಂಬ ಬರೆಯುತ್ತೇನೆ. ಹತ್ತನೇ ಪಾಸಾದ ನೀನು ಮೊಬೈಲಿನಲ್ಲಿ ಹೆಬ್ಬೆಟ್ಟಿನ ಚಿತ್ರ ಕಳಿಸಿ ಸುಮ್ಮನಾಗುತ್ತೀ. ಹೆಬ್ಬೆಟ್ಟು ಒತ್ತುವುದು ನಮ್ಮ ಕಾಲದವರ ಕೆಲಸ.

ಈ ಕಾಗದ ನನ್ನಿಂದಲೂ ಎಂಟು ದಿನ ತಡವಾಯಿತು, ಅದು ನನ್ನ ತಪ್ಪು. ಫೋನಿನಲ್ಲಿ ಹೇಳೋಣವೆಂದರೆ, ನಾನು ಫೋನು ಹಿಡಿದದ್ದೇ ತಡ ನಿನ್ನವ್ವ ಇಮಾಮಬಿ ಗೋಡೆಯಾಚೆಯಿಂದ ಬಂದು ಬಾಜೂ ಕೂರುತ್ತಾಳೆ. ಅವಳು ಕೇಳಬಾರದ ಮಾತಿದು.

ಕಟ್ಟೆ ಮಾಮಾ ನಿನಗೆ ನೆನಪಿರಬೇಕು. ಟಿವಿಯಲ್ಲಿ ಕಟ್ಟೆಯ ಮೇಲೆ ಕೂತು ಮಕ್ಕಳ ಜೊತೆ ಹರಟುತ್ತಿದ್ದ ಆ ಪುಣ್ಯಾತ್ಮ ಹೋದ ವರ್ಷ ತೀರಿಕೊಂಡ. ಮೊಮ್ಮಗಳು ನೀಲಂ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಅವನ ಹುಟ್ಟಿದ ದಿನಕ್ಕೆ ಈ ಸಲ ನಮ್ಮ ಓಣಿಯಲ್ಲಿ ‘ಬಾಜೂಮನಿ ಹಬ್ಬ’ ಮಾಡಿದೆವು. ಮನೆಗೊಂದು ಪಾತ್ರೆ ಅಡಿಗೆ, ಎಲ್ಲರಿಗೂ ಒಂದೇ ಸಾಲಿನಲ್ಲಿ ಊಟ. ನಿನ್ನವ್ವ ಶಿರಾ ಮಾಡಿದ್ದಳು. ನಾವು ಮುದುಕಿಯರು ಕೈಕೈ ಹಿಡಿದು ಗರಗರ ತಿರುಗಿ ಪುಗಡಿ ಆಡಿದೆವು. ನನ್ನ ಮೊಣಕಾಲು ಇನ್ನೂ ಬೈಯುತ್ತಿದೆ.

ಆಮೇಲೆ ಮಾಮಾ ಟಿವಿಯಲ್ಲಿ ಆಡಿಸುತ್ತಿದ್ದ ಆಟ. ಒಬ್ಬರು ಮೈಕ್ ಹಿಡಿದು ಬಾಜೂಮನೆಯವರ ಹೆಸರು ಹೇಳದೆ ಗುರುತು ಹೇಳಬೇಕು, ಮಕ್ಕಳು ಯಾರೆಂದು ಕೂಗಬೇಕು. ನೀಲಂ ಮೈಕನ್ನು ನನ್ನ ಬಾಯಿಗೆ ಹಿಡಿದಳು. ನಾನು ಅಂದೆ, “ಇಕಿ ನಿನ್ನಿ ಬಂದಾಕಿ. ಈ ಓಣ್ಯಾಗ ಇಕಿದ ಏನೂ ಇಲ್ಲ, ಎಲ್ಲಾ ನಂದು. ನನ್ನ ಗ್ವಾಡಿಗೆ ಆತು ಕುಂತಾಳ.”

ಮಕ್ಕಳೆಲ್ಲ “ಇಮಾಮಬಿ ನಾನಿ” ಎಂದು ಕೂಗಿದರು. ನಿನ್ನವ್ವ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕು, “ಸಾಕ ಬಿಡ ಅಕ್ಕಾ, ಒಂದ ದಿನ ಮೊದಲ ಬಂದು ನಲವತ್ತೊಂದ ವರ್ಸ ಮೆರದಿ,” ಎಂದಳು. ನಾನು ಈ ಓಣಿಗೆ ಸೊಸೆಯಾಗಿ ಬಂದದ್ದು ಸೋಮವಾರ, ಅವಳು ಮಂಗಳವಾರ. ಅಂದಿನಿಂದ ಅವಳು ನನಗೆ ನಿನ್ನೆ ಬಂದವಳೇ.

ಆ ದಿನ ಹಕ್ಕುಪತ್ರದ ಯಾದಿ ಮಾಡುವ ಇಬ್ಬರು ಓಣಿಗೆ ಬಂದಿದ್ದರು. ನಮ್ಮ ಮನೆಗಳ ಜಾಗ ಸರಕಾರದ್ದು. ಹಳಬರಿಗೆ ಹಕ್ಕುಪತ್ರ ಕೊಡುತ್ತಾರೆ, ಹೊಸಬರು ಜಾಗ ಬಿಡಬೇಕು. ಮಾಮಾನ ಹಬ್ಬದ ದಿನ ಬಂದವರನ್ನು ಹಸಿದು ಕಳಿಸುವುದೇ ಎಂದು ನಾವೇ ಕರೆದು ಉಣ್ಣಿಸಿದೆವು. ಅವರಲ್ಲಿ ಕನ್ನಡಕದವನು ನಿನ್ನವ್ವನ ಶಿರಾ ಎರಡು ಸಲ ಹಾಕಿಸಿಕೊಂಡ. ಉಣ್ಣುವಾಗಲೂ ಮೊಬೈಲು ಎತ್ತಿ ಹಿಡಿದೇ ಇದ್ದ. ಫೋಟೋ ತೆಗೆಯುತ್ತಾನೆಂದು ನಾನು ಸೆರಗು ಸರಿಮಾಡಿಕೊಂಡೆ.

ನಾಲ್ಕು ದಿನಕ್ಕೆ ಬಾಗಿಲುಗಳ ಮೇಲೆ ಕೆಂಪು ಬಣ್ಣದ ನಂಬರು ಬಿದ್ದವು. ನನ್ನದು ಹದಿನಾಲ್ಕು. ನಿನ್ನವ್ವನ ಬಾಗಿಲಿಗೆ ನಂಬರಿಲ್ಲ, ಅಡ್ಡ ಒಂದು ಗೀಟು ಮಾತ್ರ. “ನನ್ನ ಬಾಗಲಕ್ಕ ಬರೂದ್ರಾಗ ಬಣ್ಣ ತೀರಿರಬೇಕ,” ಎಂದು ಅವಳು ನಕ್ಕಳು. ನಾನೂ ನಕ್ಕೆ.

ಮರುವಾರ ಅವಳಿಗೆ ನೋಟೀಸು ಬಂತು. ನೀಲಂ ಓದಿ ಹೇಳಿದಳು: ನೆರೆಯವರ ಹೇಳಿಕೆಯಂತೆ ಇವರು ಇತ್ತೀಚೆಗೆ ಬಂದು ನೆಲೆಸಿದವರು, ತಕರಾರಿದ್ದರೆ ಡಿಸೆಂಬರ್ ಒಂಬತ್ತಕ್ಕೆ ವಿಚಾರಣೆಗೆ ಬರಬೇಕು, ಇಲ್ಲವಾದರೆ ಮನೆ ತೆರವು. ನಿನ್ನ ಅಪ್ಪ ಅಬ್ದುಲ್ ರಜಾಕ ಕೈಯಾರೆ ಕಟ್ಟಿದ ಗೋಡೆಗಳು ಅವು. ನೀನು ಹುಟ್ಟಿದ್ದು ಅವುಗಳೊಳಗೆ. ತೋರಿಸೋಣವೆಂದರೆ ಹಳೆಯ ಕಾಗದವೆಲ್ಲ ಗೆದ್ದಲು ತಿಂದಿದೆ.

ಓಣಿಯ ಗಾಳಿಯೇ ಬೇರೆಯಾಗಿದೆ. ಗೀಟು ಬಿದ್ದ ಮನೆಗಳು ಮೂರು. ಅವರು ನಲ್ಲಿಯ ಹತ್ತಿರ ಕೊಡ ಇಟ್ಟರೆ ನಂಬರು ಬಿದ್ದವರ ಹರಟೆ ನಿಲ್ಲುತ್ತದೆ. ಮೊನ್ನೆ ನೀಲಂ ಕೇಳಿದಳು, “ಅಜ್ಜಿ, ಇಮಾಮಬಿ ನಾನಿ ಖರೇನ ನಿನ್ನಿ ಬಂದಾಳೇನು? ಸಾಲ್ಯಾಗ ಎಲ್ಲಾರೂ ಹಂಗ ಅಂತಾರ.” ಬೈದು ಕೂರಿಸಿದೆ. ಯಾರಿಗೆ ಬೈದೆನೋ ಗೊತ್ತಿಲ್ಲ.

ನಿನ್ನವ್ವ ಮಾತ್ರ ಧೈರ್ಯವಾಗಿದ್ದಾಳೆ. “ಯಾವ ನೆರಿಯವ್ರು ಏನ ಹೇಳಿದ್ರೂ ನೀ ಇದ್ದೀಯಲ್ಲ ಅಕ್ಕಾ. ಸಾಕ್ಷಿ ಅಂತ ನಿನ್ನ ಹೆಸರ ಬರಸೇನಿ,” ಎಂದಳು.

ನಿನ್ನ ಮಕ್ಕಳಿಗೆ ನನ್ನ ಮುದ್ದು. ಗಂಡನ ಕೈಗೆ ಕೆಲಸ ತಪ್ಪದಿರಲಿ, ನಿನ್ನ ಒಲೆ ತಣ್ಣಗಾಗದಿರಲಿ.

ನಿನ್ನ ಮಾವಶಿ,
ರುಕ್ಮಾ

ತಾ.ಕ.: ಇದನ್ನು ಬರೆಯಲು ಕೈ ಬಾರದೆ ಕಾಗದ ಒಮ್ಮೆ ಮಡಚಿಟ್ಟಿದ್ದೆ. ನಂಬರು ಬೀಳುವ ಹಿಂದಿನ ದಿನ ಕನ್ನಡಕದವನು ನನ್ನ ಮನೆಗೆ ಬಂದಿದ್ದ. ಮೊಬೈಲಿನಲ್ಲಿ ನನ್ನ ದನಿ ಕೇಳಿಸಿ, “ಅಜ್ಜಿ, ಇದು ನಿಮ್ಮ ಮಾತ ಹೌದಲ್ರಿ?” ಎಂದ. “ಹೌದಪ್ಪಾ, ಚ್ಯಾಷ್ಟಿಗಿ ಅಂದಿದ್ದು” ಎಂದೆ. “ಇದು ಚ್ಯಾಷ್ಟಿ ಆದ್ರ ನೀವು ಯಾವಾಗ ಬಂದ್ರಿ ಅಂತ ಹೇಳಿದ್ದೂ ಚ್ಯಾಷ್ಟಿ ಇರಬಹುದಲ್ರಿ. ನಿಮ್ಮ ಅರ್ಜಿನೂ ಮೊದಲಿಂದ ನೋಡಬೇಕಾಗ್ತೈತಿ,” ಎಂದ. ನನ್ನ ಹತ್ತಿರವೂ ಕಾಗದವಿಲ್ಲ. ಒಳಗೆ ನೀಲಂ ಪಾಠ ಓದುತ್ತಿದ್ದಳು. ಅವನು ಬರೆದುಕೊಂಡಿದ್ದರ ಕೆಳಗೆ ಸಹಿ ಮಾಡಿದೆ, ಶಬನಮ. ಸಹಿ ಮಾಡಿ ಅವನಿಗೆ ಚಹಾ ಕೊಟ್ಟೆ.

ಒಂಬತ್ತರ ವಿಚಾರಣೆಯಲ್ಲಿ ನಿಂತು ನನ್ನ ಸಹಿ ಸುಳ್ಳೆಂದು ಹೇಳುತ್ತೇನೆ. ನನ್ನ ಮನೆಯೂ ಹೋದರೆ ಹೋಗಲಿ. ಅದಕ್ಕೆ ಮೊದಲು ಇಮಾಮಬಿಯ ಮುಖ ನೋಡಿ ಹೇಳಬೇಕು. ನಾಲ್ಕು ಸಲ ಅವಳ ಹೊಸ್ತಿಲವರೆಗೆ ಹೋಗಿ, ಸಕ್ಕರೆ ಕೇಳಿ ತಂದಿದ್ದೇನೆ. ನಾನೇ ಹೇಳಲೋ, ಮಗಳಾದ ನೀನು ಬಂದು ಹೇಳುತ್ತೀಯೋ? ಡಿಸೆಂಬರ್ ಹುಟ್ಟುವ ಮೊದಲು ಉತ್ತರ ಬರೆ.